ನೆರಳು ಸುತ್ತಿಕೊಂಡು ಹೋದವನು

ಬಹಳ ಬಹಳ ಹಿಂದೆ, ಏಳು ಬೆಟ್ಟ ಹತ್ತಿ ಏಳು ಬೆಟ್ಟ ಇಳಿದರೆ ಸಿಗುವ ಬಯಲಿನಲ್ಲಿ, ವರ್ಣಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗೋಡೆ ಕಂಡರೆ ಚಿತ್ರ ಬರೆಯಬೇಕು, ಅದು ರೂಢಿ. ಅರಮನೆಯ ಗೋಡೆಗೆ ಆನೆ ಅಂಬಾರಿ, ಅಡುಗೆಮನೆಯ ಗೋಡೆಗೆ ಬದನೆಕಾಯಿ, ದನದ ಕೊಟ್ಟಿಗೆಗೆ ಹಸಿರು ಹುಲ್ಲು. ಹುಲ್ಲು ಬರೆದರೆ ಹಸು ಹೆಚ್ಚು ಹಾಲು ಕೊಡುತ್ತದೆ ಎಂದು ಅಲ್ಲಿಯ ಜನ ನಂಬಿದ್ದರು. ಹಸುಗಳು ಏನು ನಂಬಿದ್ದವೋ, ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಬರೆದರೂ ಆ ಊರಿನ ಚಿತ್ರಗಾರರು ಒಂದನ್ನು ಮಾತ್ರ ಬರೆಯುತ್ತಿರಲಿಲ್ಲ. ಅದು ನೆರಳು. ಕಪ್ಪು ಬಣ್ಣ ಕೂದಲಿಗೆ, ಹುಬ್ಬಿಗೆ, ಸುತ್ತಲಿನ ಗೆರೆಗೆ, ಅಷ್ಟಕ್ಕೇ. ಮೈಮೇಲೆ ಕಪ್ಪು ಬಿದ್ದರೆ ಅದು ಕಲೆ, ಅಪಶಕುನ. ಅರಮನೆಯ ಚಿತ್ರಗಾರ ಗೂಳಪ್ಪನನ್ನು ಯಾರಾದರೂ ಕೇಳಿದರೆ ಅವನು ಕುಂಚ ಕೆಳಗಿಡದೆ ಹೇಳುತ್ತಿದ್ದ, ನೆರಳು ನಾಯಿಗೂ ಇದೆ, ಕತ್ತೆಗೂ ಇದೆ, ಚಿತ್ರದೊಳಗಿನ ದೊರೆಗೆ ಅದು ಯಾಕೆ ಬೇಕು ಅಂತ.

ಗೂಳಪ್ಪನಿಗೆ ಒಬ್ಬಳೇ ಮಗಳು, ಹಾಲವ್ವ. ಇಪ್ಪತ್ತರ ಹುಡುಗಿ. ಅಪ್ಪನ ಬಳಿಯೇ ಕೆಲಸ ಕಲಿತವಳು. ಒಮ್ಮೆ ಅಪ್ಪನಿಗೆ ಜ್ವರ ಬಂದು, ರಾಜ ಕುಸುಮಶೇಖರನ ಮುಖ ಬರೆಯುವ ಕೆಲಸ ಅವಳ ಕೈಗೆ ಬಂತು. ಅವಳು ಮೂರು ದಿನ ಬರೀ ನೋಡಿದಳು. ಪೂರ್ವದ ಕಿಟಕಿಯಿಂದ ಬೆಳಕು ಬಂದು ರಾಜನ ಮೂಗಿನ ಒಂದು ಪಕ್ಕಕ್ಕೆ ಬೀಳುತ್ತಿತ್ತು, ಇನ್ನೊಂದು ಪಕ್ಕ ಮಬ್ಬಾಗಿರುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಅವಳು ತೆಳ್ಳಗೆ ಬರೆದಳು. ಮೂಗು ಗೋಡೆ ಬಿಟ್ಟು ಎದ್ದು ನಿಂತಿತು.

ರಾಜನ ಮೂಗು ಸಾಕಷ್ಟು ದೊಡ್ಡದು. ಚಪ್ಪಟೆಯಾಗಿದ್ದಾಗ ಅದು ಯಾರಿಗೂ ಕಂಡಿರಲಿಲ್ಲ. ರಾಜ ಕೆಂಡವಾದ. ಗೂಳಪ್ಪ ಜ್ವರದಲ್ಲೇ ನಡುಗುತ್ತ ಬಂದು, ಒದ್ದೆ ಬಟ್ಟೆಯಿಂದ ಮಗಳು ಬರೆದದ್ದನ್ನು ತಾನೇ ಒರೆಸಿದ. ಮಗಳನ್ನು ಮನೆಗೆ ಕರೆದುಕೊಂಡು ಹೋದ. ಬಾಗಿಲ ಹತ್ತಿರ ನಿಂತು ಒಂದೇ ಮಾತು ಹೇಳಿದ.

"ಇದ್ದದ್ದನ್ನೆಲ್ಲ ಬರೆಯೋಕೆ ಹೋಗಬಾರದು ಮಗಾ."

ಹಾಲವ್ವನಿಗೆ ರಾಜನ ಸಿಟ್ಟಿಗಿಂತ ಅಪ್ಪನ ಕೈಯಲ್ಲಿದ್ದ ಆ ಒದ್ದೆ ಬಟ್ಟೆ ಹೆಚ್ಚು ನೋಯಿಸಿತು. ಮರುದಿನ ರಾಜ ಊರಲ್ಲಿ ಡಂಗುರ ಹೊಡೆಸಿದ: ವರ್ಣಾವತಿಯಲ್ಲಿ ಯಾರೂ ನೆರಳು ಬರೆಯಕೂಡದು.

ಡಂಗುರದ ಸದ್ದು ಬೆಟ್ಟಗಳ ಆಚೆಗೂ ಕೇಳಿಸಿತೋ ಏನೋ, ಎಂಟು ದಿನದೊಳಗೆ ಒಬ್ಬ ಮಾಂತ್ರಿಕ ಬಂದ. ಅವನ ಹೆಸರು ಧವಳಮಲ್ಲ. ಬಿಳಿ ರುಮಾಲು, ಬಿಳಿ ಅಂಗಿ, ಜೊತೆಗೆ ಒಂದು ಬಿಳಿ ಎತ್ತು. ಅವನಂಥ ಮರ್ಯಾದಸ್ಥನನ್ನು ಆಸ್ಥಾನದವರು ಕಂಡಿರಲಿಲ್ಲ. ರಾಜನಿಗೆ ಅವನು ಬೆನ್ನು ತೋರಿಸಲಿಲ್ಲ, ಮಂತ್ರಿಗೂ ತೋರಿಸಲಿಲ್ಲ, ಕಸ ಗುಡಿಸುವವಳಿಗೂ ತೋರಿಸಲಿಲ್ಲ. ಎಲ್ಲರಿಗೂ ಮುಖ ಕೊಟ್ಟೇ ನಿಂತ, ಹೋಗುವಾಗ ಹಿಂದಕ್ಕೆ ಹೆಜ್ಜೆಯಿಟ್ಟು ಹೋದ. ಅವನು ರಾಜನಿಗೆ ಹೇಳಿದ್ದು ಇಷ್ಟು: ಚಿತ್ರದಲ್ಲಿ ನೆರಳು ಕಲೆಯಾದರೆ ನೆಲದ ಮೇಲೂ ಕಲೆಯೇ. ಅಪ್ಪಣೆಯಾದರೆ ಇಡೀ ರಾಜ್ಯವನ್ನು ಚೊಕ್ಕಟ ಮಾಡಿಕೊಡುತ್ತೇನೆ. ಪ್ರತಿಫಲ ಬೇಡ, ತೆಗೆದ ನೆರಳು ನನಗಿರಲಿ.

ರಾಜ ಹೂಂ ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುವ ಒಬ್ಬ ಮುದುಕಿಯೂ ಆ ಆಸ್ಥಾನದಲ್ಲಿ ಇರಲಿಲ್ಲ.

ಧವಳಮಲ್ಲ ಬೀದಿಗಿಳಿದು, ಒಣಗಿದ ಹಪ್ಪಳವನ್ನು ಬಟ್ಟೆಯಿಂದ ಬಿಡಿಸುವ ಹಾಗೆ, ಉಗುರಿನಿಂದ ಅಂಚು ಎಬ್ಬಿಸಿ ಒಂದೊಂದೇ ನೆರಳನ್ನು ನೆಲದಿಂದ ಬಿಡಿಸಿದ. ಮನುಷ್ಯರದು, ಮರದ್ದು, ಮಡಕೆಯದು, ಕಾಗೆಯದು. ಬಿಡಿಸಿದ್ದನ್ನು ಕಂಬಳಿಯಂತೆ ಸುತ್ತಿದ, ಎತ್ತಿನ ಮೇಲೆ ಹೇರಿದ, ಎಲ್ಲರಿಗೂ ಕೈಮುಗಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊರಟುಹೋದ.

ಮೊದಲ ದಿನ ಜನಕ್ಕೆ ಹಿಗ್ಗೋ ಹಿಗ್ಗು. ಅಂಗಳ ಫಳಫಳ ಹೊಳೆಯಿತು. ಎರಡನೆಯ ದಿನ ಕೊಯ್ಲಿನವರು ಮರದಡಿ ಕೂತರೆ ಅಲ್ಲಿಯೂ ಬಿಸಿಲೇ. ಮೂರನೆಯ ದಿನ ಮೆಟ್ಟಿಲು ಕಾಣದೆ ಮಂತ್ರಿ ಉರುಳಿಬಿದ್ದ. ಆಮೇಲೆ ಒಂದೊಂದೇ ಚಪ್ಪಟೆಯಾಗತೊಡಗಿತು. ಕೊಡ ತಟ್ಟೆಯಾಯಿತು, ನೀರು ಹೊಯ್ದರೆ ನೆಲಕ್ಕೆ ಹರಿಯಿತು. ಕುಂಬಳಕಾಯಿ ಎಲೆಯಾಯಿತು. ರೊಟ್ಟಿಗೆ ಮಾತ್ರ ಏನೂ ಆಗಲಿಲ್ಲ, ಅದು ಮೊದಲೇ ಚಪ್ಪಟೆ. ರಾಜ ಸೈನಿಕರನ್ನು ಅಟ್ಟಿದ. ಅವರು ಊರ ಬಾಗಿಲಲ್ಲೇ ಗಾಳಿಗೆ ಮಡಚಿಕೊಂಡು ಬಿದ್ದರು.

ಅರಮನೆಯ ಮುದಿ ಆನೆ ಲಾಯದ ಗೋಡೆಗೆ ಒರಗಿತ್ತು, ಒರಗಿದ್ದು ಹಾಗೇ ಅಂಟಿಕೊಂಡಿತು. ಹನ್ನೆರಡು ದಿನ ಸೊಂಡಿಲು ಆಡಿಸಿತು, ಕಣ್ಣು ಪಿಳುಕಿಸಿತು. ಹದಿಮೂರನೆಯ ದಿನ ಅದು ಬರೀ ಚಿತ್ರ. ಮಾವುತ ಸುಣ್ಣದ ಗೋಡೆಯನ್ನು ತಬ್ಬಿಕೊಂಡು ಅತ್ತ.

ಅದೇ ದಿನ ಗೂಳಪ್ಪ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ. ಏಳಲು ಹೋದ, ಆಗಲಿಲ್ಲ.

ಹಾಲವ್ವ ಅಪ್ಪನ ತೋಳು ಹಿಡಿದು ಎಳೆದಳು. ಕೈಗೆ ಸಿಕ್ಕಿದ್ದು ಗೋಡೆಯ ತಂಪು. ಅಪ್ಪ ಅವಳನ್ನೇ ನೋಡುತ್ತಿದ್ದ. ಆನೆಯ ಕತೆ ಅವನಿಗೂ ಗೊತ್ತಿತ್ತು. ಹನ್ನೆರಡು ದಿನ.

ಅವಳು ಒಲೆಯ ಮುಂದಿನ ಇದ್ದಿಲು ತಗೊಂಡಳು. ತಟ್ಟೆಯಂತಾಗಿದ್ದ ಕೊಡದ ಮೇಲೆ, ಕಿಟಕಿಗೆ ಎದುರಾಗಿದ್ದ ಭಾಗವನ್ನು ಹಾಗೇ ಬಿಟ್ಟು, ಆಚೆ ಪಕ್ಕಕ್ಕೆ ಮಸಿ ತೀಡಿ ಬೆರಳಲ್ಲಿ ಹರಡಿದಳು. ಕೊಡ ಹೊಟ್ಟೆ ಉಬ್ಬಿಸಿಕೊಂಡು ದುಂಡಗಾಯಿತು. ನೀರು ಹೊಯ್ದಳು, ನಿಂತಿತು. ಆದರೆ ಸೂರ್ಯ ತುಸು ಜರುಗಿದ್ದೇ ತಡ, ತೀಡಿದ ಮಸಿಗೂ ಬರುವ ಬೆಳಕಿಗೂ ಹೊಂದಾಣಿಕೆ ತಪ್ಪಿ ಕೊಡ ಮತ್ತೆ ತಟ್ಟೆಯಾಯಿತು. ಒಂದು ಕೊಡಕ್ಕೇ ಹೀಗಾದರೆ ಊರಿಗೆ ಊರನ್ನೇ ತೀಡುತ್ತ ಕೂರುವವರು ಯಾರು? ನಿಜವಾದ ನೆರಳನ್ನೇ ತರಬೇಕು.

ಅವಳ ಅವ್ವ ಗೌರವ್ವ ಜನ್ಮದಲ್ಲಿ ಕುಂಚ ಹಿಡಿದವಳಲ್ಲ. ಅವಳಿಗೆ ಬರುತ್ತಿದ್ದದ್ದು ರಂಗೋಲಿ ಮಾತ್ರ. ಹಾಲವ್ವ ಅವಳ ಕೈಗೆ ಇದ್ದಿಲು ಕೊಟ್ಟಳು.

"ಅವ್ವಾ, ಬೆಳಕು ಎಲ್ಲಿಂದ ಬರ್ತೈತೆ ನೋಡು. ಅದರ ಆಚೆ ಪಕ್ಕಕ್ಕೆ ಅಪ್ಪನ ಮೈಗೆ ತೀಡು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆಗೆ ಒಂದು ಸಲ. ತೀಡಿದಾಗ ನಾಕು ತುತ್ತು ಉಣ್ಣಿಸು."

"ನನಗೆ ತಪ್ಪಿದರೆ?"

"ತಪ್ಪಿದರೆ ಒರೆಸಿ ಮತ್ತೆ ತೀಡು. ನಾ ಹನ್ನೆರಡರೊಳಗೆ ಬರ್ತೀನಿ."

ಹಾಲವ್ವ ತನ್ನ ಕೆನ್ನೆಗೆ, ತೋಳಿಗೆ, ಕಾಲಿಗೆ ತಾನೇ ಮಸಿ ತೀಡಿಕೊಂಡು, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟನ್ನು ಸೊಂಟಕ್ಕೆ ಕಟ್ಟಿ ಹೊರಟಳು. ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಎತ್ತಿನ ಹೇರಿನಿಂದ ಅಲ್ಲೊಂದು ಇಲ್ಲೊಂದು ನೆರಳಿನ ಚೂರು ಉದುರಿತ್ತು. ಕಾಗೆಯಿಲ್ಲದ ಜಾಗದಲ್ಲಿ ಕಾಗೆಯ ನೆರಳು, ಎಲೆಯಿಲ್ಲದ ಜಾಗದಲ್ಲಿ ಎಲೆಯ ನೆರಳು. ಒಂದು ಕಡೆ ದೊಡ್ಡ ಹುಣಸೆಮರದ ನೆರಳೇ ಬಿದ್ದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡಳು. ಹೊತ್ತು ಹೊತ್ತಿಗೆ ನಿಂತು ಮೈಗೆ ಮಸಿ ತೀಡಿಕೊಳ್ಳುತ್ತ ಆರು ದಿನ ನಡೆದಳು.

ಏಳನೆಯ ದಿನ ಉಪ್ಪಿನಂಥ ಬಿಳಿ ಬಯಲು ಬಂತು. ಬಯಲಿನ ನಡುವೆ ಒಂದು ಬಿಳಿ ಹುಲಿ ಅಡ್ಡ ಬಂತು. ಧವಳಮಲ್ಲನ ಕಾವಲಿನ ಹುಲಿ.

"ಇಲ್ಲಿಗೆ ಬಂದವರನ್ನ ತಿನ್ನೋದು ನನ್ನ ಕೆಲಸ," ಎಂದಿತು ಹುಲಿ. ಹೇಳುವಾಗ ಅದರ ತಲೆ ತೂಗುತ್ತಿತ್ತು.

ಚಿತ್ರಗಾರರ ಕಣ್ಣು ಹೆದರಿದರೂ ನೋಡುವುದನ್ನು ಬಿಡುವುದಿಲ್ಲ. ಹುಲಿಯ ಕಣ್ಣು ಕೆಂಪಗೆ ಊದಿತ್ತು, ರೆಪ್ಪೆಯಂಚು ಬಿರುಕು ಬಿಟ್ಟಿತ್ತು. ಮಲಗಿ ಎಷ್ಟು ದಿನವಾಯಿತು ಎಂದು ಅವಳು ಕೇಳಿದಳು. ಎಷ್ಟು ವರ್ಷ ಎಂದು ಕೇಳು, ಎಂದಿತು ಹುಲಿ. ಆ ಬಯಲಿನಲ್ಲಿ ಬೆಳಕು ಆರುವುದೇ ಇಲ್ಲವಂತೆ, ತಲೆ ಇಡಲು ಒಂದು ಹಿಡಿ ನೆರಳೂ ಇಲ್ಲವಂತೆ. ಮರದ ನೆರಳಿಗೆ ಒಡೆಯರಿಲ್ಲ, ಕೂತವರದೇ ಅದು. ಹಾಲವ್ವ ಹೆಗಲ ಮೇಲಿನ ಹುಣಸೆಯ ನೆರಳನ್ನು ಬಿಡಿಸಿ ನೆಲಕ್ಕೆ ಹಾಸಿದಳು. ಹುಲಿ ಅದನ್ನು ಮೂಸಿತು, ಒಂದು ಕಾಲಿಟ್ಟಿತು, ಇನ್ನೊಂದು ಕಾಲಿಟ್ಟಿತು, ಮಗುವಿನಂತೆ ಮುದುಡಿ ಮಲಗಿತು. ಅದರ ಗೊರಕೆ ಕೇಳಿ ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಎಂಟನೆಯ ದಿನ ಧವಳಮಲ್ಲನ ಕೋಟೆ ಸಿಕ್ಕಿತು. ಸಿಕ್ಕಿತು ಎಂದರೆ ಹಣೆಗೆ ತಾಗಿತು, ಅಷ್ಟು ಬಿಳಿ. ಒಳಗೆ ಮೆಟ್ಟಿಲುಗಳಿದ್ದವು. ಯಾವುದು ಹತ್ತುತ್ತದೆ, ಯಾವುದು ಇಳಿಯುತ್ತದೆ, ಯಾವುದು ಮುಗಿದು ಹಳ್ಳಕ್ಕೆ ಕೆಡವುತ್ತದೆ, ಒಂದೂ ತಿಳಿಯದು. ಕಾಗದದ ಮೇಲಿನ ಗೆರೆಯನ್ನು ಗೋಡೆಗೆ ಇಳಿಸುವಾಗ ಚಿತ್ರಗಾರರು ಗೆರೆಯುದ್ದಕ್ಕೂ ತೂತು ಚುಚ್ಚಿ ಮೇಲೆ ಇದ್ದಿಲ ಗಂಟು ಬಡಿಯುತ್ತಾರೆ. ಹಾಲವ್ವ ಸೊಂಟದ ಗಂಟನ್ನು ಬಿಚ್ಚಿ ಹೆಜ್ಜೆಗೊಂದು ಸಲ ನೆಲಕ್ಕೆ ಬಡಿದಳು. ಪುಡಿ ಹಾರಿ ಮೆಟ್ಟಿಲಿನ ಮೂಲೆ ಮೂಲೆಯಲ್ಲಿ ಕೂತಿತು, ಅಂಚು ಎದ್ದು ಕಂಡಿತು. ಎರಡು ಕಡೆ ಅವಳ ಮುಂದಿನ ಹೆಜ್ಜೆ ಹಳ್ಳಕ್ಕೇ ಬೀಳುವುದರಲ್ಲಿತ್ತು.

ಮೇಲೆ ನೂರು ಕಿಟಕಿಯ ಚಾವಡಿ. ನೂರರಿಂದಲೂ ಬೆಳಕು ನುಗ್ಗುತ್ತಿತ್ತು. ನಡುವೆ ಧವಳಮಲ್ಲ ನಿಂತಿದ್ದ. ಸುತ್ತಲೂ ನೆರಳಿನ ಸುರುಳಿಗಳು ಬಣವೆಯಷ್ಟು ಎತ್ತರ ಬಿದ್ದಿದ್ದವು. ಅವನು ಒಂದು ನೆರಳನ್ನು ಎತ್ತಿ ಹೆಗಲಿಗೆ ಹೊದ್ದುಕೊಳ್ಳುತ್ತಿದ್ದ, ಅದು ಜಾರಿ ಬೀಳುತ್ತಿತ್ತು. ಇನ್ನೊಂದನ್ನು ಎತ್ತುತ್ತಿದ್ದ, ಅದೂ ಜಾರುತ್ತಿತ್ತು.

"ಬಂದ ದಾರಿಯಲ್ಲೇ ಹೋಗು," ಎಂದ. "ಹೋಗದಿದ್ದರೆ ನಿನ್ನನ್ನೂ ಈ ಗೋಡೆಗೆ ಹಚ್ಚುತ್ತೇನೆ."

ಯಾರ ಚಿತ್ರ ಬರೆಯುವ ಮೊದಲೂ ಅವರನ್ನು ಒಂದು ಸುತ್ತು ಬಂದು ನೋಡುವುದು ಹಾಲವ್ವನ ಅಭ್ಯಾಸ. ಅವನ ಪಕ್ಕಕ್ಕೆ ಸರಿದಳು. ಅವನು ತಿರುಗಿಕೊಂಡ. ಅವಳು ಓಡಿ ಸರಿದಳು. ಆಗ ಒಂದು ಕ್ಷಣ ಧವಳಮಲ್ಲ ಇರಲೇ ಇಲ್ಲ. ಅವನಿದ್ದ ಜಾಗದಲ್ಲಿ ನೂಲಿನಷ್ಟು ತೆಳ್ಳನೆಯ ಒಂದು ಗೆರೆ ನಿಂತಿತ್ತು.

ಅವನಿಗೆ ಪಕ್ಕ ಇರಲಿಲ್ಲ. ಬೆನ್ನೂ ಇರಲಿಲ್ಲ. ಅವನೊಂದು ಚಿತ್ರ.

ತನ್ನ ಗುಟ್ಟು ಬಯಲಾದದ್ದು ತಿಳಿದು ಧವಳಮಲ್ಲ ಕೂಗಾಡಲಿಲ್ಲ. ನೂರು ವರ್ಷದ ಹಿಂದೆ ವರ್ಣಾವತಿಯ ಒಬ್ಬ ಚಿತ್ರಗಾರ ತನ್ನನ್ನು ಒಂದು ಛತ್ರದ ಬಾಗಿಲಲ್ಲಿ ಬರೆದ ಎಂದು ಹೇಳಿದ. ಎಷ್ಟು ಚೆಂದ ಬರೆದನೆಂದರೆ ಜೀವ ಬಂದುಬಿಟ್ಟಿತು. ಗೋಡೆಯಿಂದ ಇಳಿದ. ಇಳಿದ ಮೇಲೆ ತಿಳಿಯಿತು, ತನ್ನ ಎದೆಯ ಹಿಂದೆ ಏನೂ ಇಲ್ಲ ಅಂತ. ಗಾಳಿ ಬಂದರೆ ಹಾರಿಹೋಗುತ್ತಿದ್ದ. ಕೂಸನ್ನು ಎತ್ತಿಕೊಳ್ಳಲು ಹೋದರೆ ಕೂಸು ಅವನ ತೋಳಿನೊಳಗಿಂದ ಜಾರಿ ಬೀಳುತ್ತಿತ್ತು. ಉಳಿದವರಿಗೆಲ್ಲ ಮೈ ಇರುವುದು ನೆರಳಿರುವುದರಿಂದ ಎಂದು ಊಹಿಸಿ, ಮಾಯೆ ಕಲಿತು, ಕದಿಯತೊಡಗಿದ. ರಾಜನ ನೆರಳು ಹೊದ್ದು ನೋಡಿದ, ಜಟ್ಟಿಯದು ನೋಡಿದ, ಒಂದೂ ಮೈಗೆ ಹತ್ತಲಿಲ್ಲ.

"ನನ್ನನ್ನು ಹೀಗೆ ಬರೆದವರು ನಿಮ್ಮವರೇ," ಎಂದ ಅವನು.

ಹಾಲವ್ವನಿಗೆ ಅವನ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು. ಗೋಡೆಗೆ ಅಂಟಿದ ಅಪ್ಪನ ಮುಖ ಕಣ್ಣ ಮುಂದೆಯೇ ಇತ್ತು. ಆದರೂ ಈ ಮಾತಿಗೆ ಅವಳು ತಲೆ ತಗ್ಗಿಸಿದಳು. ನೂರು ವರ್ಷ ಬೆನ್ನಿಲ್ಲದೆ ನಿಂತವನನ್ನು ಕಂಡು ಅವಳಿಗೆ ಅಯ್ಯೋ ಎನ್ನಿಸಿತು.

"ನಿನಗೆ ನಾನು ಮೈ ಬರೆದುಕೊಡ್ತೀನಿ," ಎಂದಳು. "ನಮ್ಮೂರಿನ ನೆರಳು ನಮಗೆ ಕೊಡು. ಆದರೆ ಮೊದಲು ಈ ಕಿಟಕಿಗಳನ್ನ ಮುಚ್ಚಬೇಕು."

ಅವನು ಹೌಹಾರಿದ. ಬಿಳಿ ಗೋಡೆಯ ಮೇಲೆ ಹುಟ್ಟಿದವನು, ಬೆಳಕು ಕಮ್ಮಿಯಾದರೆ ತಾನೇ ಅಳಿಸಿಹೋಗುತ್ತೇನೆ ಎಂದು ಹೆದರಿದವನು. ಅದಕ್ಕೇ ನೂರು ಕಿಟಕಿ ಇಟ್ಟುಕೊಂಡಿದ್ದ.

"ನೂರು ಕಡೆಯಿಂದ ಬೆಳಕು ಬಿದ್ದರೆ ಯಾರಿಗೂ ಮೈ ಇರೋದಿಲ್ಲಪ್ಪ," ಎಂದಳು ಹಾಲವ್ವ. "ಒಂದು ಕಿಟಕಿ ಬಿಡ್ತೀನಿ. ಒಂದು ಸಾಕು."

ಅವನು ಕಣ್ಣು ಮುಚ್ಚಿಕೊಂಡ. ಅವಳು ಒಂದೊಂದೇ ಕಿಟಕಿ ಮುಚ್ಚುತ್ತ ಬಂದಳು. ಹತ್ತು ಮುಚ್ಚಿದಾಗ ಅವನು ನಡುಗಿದ, ಐವತ್ತಕ್ಕೆ ಅತ್ತ, ತೊಂಬತ್ತೊಂಬತ್ತಕ್ಕೆ ಅವಳ ಕೈ ಹಿಡಿದುಕೊಂಡ. ಪೂರ್ವದ ಒಂದು ಕಿಟಕಿ ಉಳಿಯಿತು. ಚಾವಡಿಯಲ್ಲಿ ಮೊದಲ ಸಲ ಒಂದು ಕಡೆ ಬೆಳಕಾಗಿ ಇನ್ನೊಂದು ಕಡೆ ಮಬ್ಬಾಯಿತು.

ಅವಳು ಅವನ ಕೆನ್ನೆಗೆ ಮಸಿ ತೀಡಿದಳು. ಅದು ಉದುರಿತು. ಅಂಟು ಬೆರೆಸಿ ತೀಡಿದಳು, ಆಗಲೂ ಉದುರಿತು. ಹುಟ್ಟಿದಾಗಿನಿಂದ ನೆರಳು ಕಾಣದ ಮೈಗೆ ಒಲೆಯ ಮಸಿ ಹಿಡಿಯುವುದೆಲ್ಲಿ? ಮೂರನೆಯ ಸಲಕ್ಕೆ ಹಾಲವ್ವ ಆ ಬಣವೆಯಲ್ಲಿ ಹುಡುಕಿ ತನ್ನದೇ ನೆರಳನ್ನು ಎಳೆದಳು. ಜಡೆ ನೋಡಿ ಗುರುತು ಹಿಡಿದಳು. ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅದನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ, ಇತ್ತು ಎಂದರೆ ಸುಳ್ಳಾದೀತು. ಆದರೆ ಹನ್ನೆರಡು ದಿನದಲ್ಲಿ ಎಂಟು ಕಳೆದಿದ್ದವು. ಹಳೆ ಸೀರೆ ಹರಿದಂತೆ ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಒಂದು ಸೀಳನ್ನು ತನಗಿಟ್ಟುಕೊಂಡು, ಇನ್ನೊಂದನ್ನು ಕಲ್ಲಿನ ಮೇಲೆ ಹಾಕಿ ಅಂಟಿನ ನೀರು ಬಿಟ್ಟು ಅರೆದಳು.

ಒಂಬತ್ತನೆಯ ದಿನವಿಡೀ ಬರೆದಳು. ಹುಬ್ಬಿನ ಕೆಳಗೆ, ಮೂಗಿನ ಆಚೆ ಪಕ್ಕಕ್ಕೆ, ಗಲ್ಲದ ಅಡಿಗೆ, ತೋಳಿನ ಒಳಮಗ್ಗುಲಿಗೆ, ಅಂಗಿಯ ನೆರಿಗೆ ನೆರಿಗೆಗೆ. ಕಿಟಕಿಯ ಕಡೆಯ ಬಿಳುಪನ್ನು ಮುಟ್ಟಲಿಲ್ಲ. ಬೆಳಕನ್ನು ಬರೆಯಲಾಗುವುದಿಲ್ಲ, ಅದಕ್ಕೆ ಜಾಗ ಬಿಡಬೇಕು ಅಷ್ಟೇ. ಕದ್ದ ನೆರಳು ಒಂದೂ ನಿಲ್ಲದ ಮೈಮೇಲೆ ಕೊಟ್ಟ ನೆರಳು ನಿಂತಿತು. ಧವಳಮಲ್ಲನಿಗೆ ಮೂಗು ಬಂತು, ಹೊಟ್ಟೆ ಬಂತು, ಕೊನೆಗೆ ಬೆನ್ನು ಬಂತು.

ಅವನು ನಿಧಾನವಾಗಿ ತಿರುಗಿ ನಿಂತ. ನೂರು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಬೆನ್ನು ತೋರಿಸಿದ.

"ತಾಯೀ, ನಡುಬೆನ್ನು ತುರಿಸುತ್ತಿದೆ," ಎಂದ. "ಕೈ ಎಟುಕುತ್ತಿಲ್ಲ."

ಹಾಲವ್ವ ತುರಿಸಿದಳು. ಅವನು ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಅವನ ಮಾಯೆಯೆಲ್ಲ ಆ ಅಳುವಿನಲ್ಲಿ ಕರಗಿಹೋಯಿತು.

ನೆರಳಿಗೆ ತೂಕವೆಲ್ಲಿ? ಬಣವೆಯನ್ನೇ ಎತ್ತಿ, ನಿದ್ದೆ ಮುಗಿಸಿ ಕೋಟೆಗೆ ಬಂದಿದ್ದ ಹುಲಿಯ ಮೇಲೆ ಹೇರಿದರು. ಎಂಟು ದಿನದ ದಾರಿಯನ್ನು ಹುಲಿ ಮೂರು ದಿನದಲ್ಲಿ ಓಡಿತು. ಹನ್ನೆರಡನೆಯ ದಿನ ಇಳಿಹೊತ್ತಿನಲ್ಲಿ ಹಾಲವ್ವ ಊರ ಬಾಗಿಲಲ್ಲಿ ಕಟ್ಟು ಬಿಚ್ಚಿದಳು. ಕರುಗಳು ತಾಯಿಯನ್ನು ಹುಡುಕಿದಂತೆ ನೆರಳುಗಳು ಬೀದಿ ಬೀದಿಗೆ ಓಡಿದವು.

ಅವಳು ಅಪ್ಪನ ನೆರಳನ್ನು ಮಾತ್ರ ಬಿಡದೆ ಎದೆಗೆ ಅವುಚಿಕೊಂಡು ಮನೆಗೆ ಓಡಿದಳು. ಒಳಗೆ ಗೌರವ್ವ ಗೋಡೆಯ ಮುಂದೆ ಕೂತಿದ್ದಳು. ಮೊಣಕೈವರೆಗೂ ಮಸಿ. ಗೂಳಪ್ಪನ ತುಟಿ ನಿಂತುಹೋಗಿತ್ತು, ಒಂದು ರೆಪ್ಪೆ ಮಾತ್ರ ಆಡುತ್ತಿತ್ತು. ಹಾಲವ್ವ ನೋಡಿದಳು: ಬೆಳಕು ಹಿತ್ತಲ ಕಿಟಕಿಯಿಂದ ಬರುತ್ತಿತ್ತು, ಅವ್ವ ಮಾತ್ರ ತಲೆಬಾಗಿಲ ಕಡೆಯಿಂದ ಬೆಳಕು ಬರುವಂತೆ ತೀಡಿದ್ದಳು.

"ಮೂರು ಹೊತ್ತೂ ಬಾಗಿಲೇ ನೋಡ್ತಿದ್ದೆ," ಎಂದಳು ಗೌರವ್ವ. "ನೀ ಬರೋ ಕಡೆಯಿಂದಲೇ ಬೆಳಕು ಬಂದಂಗೆ ಆಗ್ತಿತ್ತು. ತಪ್ಪಾಯ್ತೇನೇ?"

ಹಾಲವ್ವ ನೆರಳನ್ನು ಗೋಡೆಯ ಬುಡಕ್ಕೆ ಇಟ್ಟಳು. ಅದು ಹತ್ತಿತು, ಹಬ್ಬಿತು, ಗೂಳಪ್ಪನ ಹಿಂದೆ ನುಸುಳಿತು. ಗೂಳಪ್ಪ ಕಿತ್ತು ಬಂದು ಹೆಂಡತಿಯ ಮೇಲೆ ದೊಪ್ಪನೆ ಬಿದ್ದ. ಬಿದ್ದ ಏಟಿಗೆ ಇಬ್ಬರಿಗೂ ನೋವಾಯಿತು. ಆ ನೋವಿಗೆ ಇಬ್ಬರೂ ನಕ್ಕರು, ಅತ್ತರು.

ಊರಲ್ಲಿ ಕೊಡಗಳು ದುಂಡಗಾದವು, ಕೂಸುಗಳ ಕೆನ್ನೆ ಉಬ್ಬಿತು. ಮುದಿ ಆನೆ ಮಾತ್ರ ಬರಲಿಲ್ಲ, ಅದು ಲಾಯದ ಗೋಡೆಯಲ್ಲೇ ಉಳಿಯಿತು. ರಾಜ ಅದರ ಮುಂದೆ ನಿಂತು ತನ್ನ ತಪ್ಪು ಒಪ್ಪಿಕೊಂಡ, ಡಂಗುರದ ಕಟ್ಟಳೆಯನ್ನು ಡಂಗುರ ಹೊಡೆಸಿಯೇ ತೆಗೆದುಹಾಕಿದ. ವಾರ ಕಳೆದು ಧವಳಮಲ್ಲ ಎತ್ತಿನ ಜೊತೆ ನಡೆದು ಬಂದ. ಜನ ಕಲ್ಲು ಹಿಡಿದರು. ಹಾಲವ್ವ ಅಡ್ಡ ನಿಂತಳು. ಅವನು ಮಾವುತನ ಮನೆಯಲ್ಲಿ ಉಳಿದು, ಊರಿನ ಕೂಸುಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆನೆಯಾಟ ಆಡಿಸುತ್ತ ಕಾಲ ಕಳೆದ.

ಇದೆಲ್ಲ ಆದ ಮೇಲೆ ಅಪ್ಪ ಮಗಳು ಮೊದಲ ಸಲ ಅರಮನೆಯ ಕೆಲಸಕ್ಕೆ ಹೊರಟ ಬೆಳಿಗ್ಗೆ, ಗೂಳಪ್ಪ ದಾರಿಯಲ್ಲಿ ನೆಲ ನೋಡಿದ. ತನ್ನ ನೆರಳು ಅಗಲವಾಗಿ ಬಿದ್ದಿತ್ತು. ಪಕ್ಕದಲ್ಲಿ ಮಗಳದು ಕಡ್ಡಿಯಂತೆ ತೆಳ್ಳಗಿತ್ತು. ಉಳಿದರ್ಧ ಎಲ್ಲಿ ಹೋಯಿತು ಎಂದು ಕೇಳಿದ. ಅವಳು ಹೇಳಿದಳು.

"ನೀ ಬರೆದದ್ದನ್ನ ನಾ ಒರೆಸಬಾರದಿತ್ತು ಮಗಾ," ಎಂದ.

ಆಮೇಲೆ ಅವನು ಅವಳ ಎಡಗಡೆಯಿಂದ ಬಲಗಡೆಗೆ, ಬಿಸಿಲು ಬರುತ್ತಿದ್ದ ಪಕ್ಕಕ್ಕೆ ಸರಿದು ನಡೆದ. ಅವನ ಅಗಲದ ನೆರಳು ಅವಳ ತೆಳ್ಳನೆಯ ನೆರಳಿನ ಮೇಲೆ ಬಿತ್ತು. ಎರಡೂ ಸೇರಿ ಒಂದೇ ಆಗಿ ಅರಮನೆಯ ತನಕ ಹೋಯಿತು. ಅವನು ಬದುಕಿರುವ ತನಕ ಮಗಳ ಜೊತೆ ನಡೆಯುವಾಗೆಲ್ಲ ಬಿಸಿಲಿನ ಪಕ್ಕವನ್ನೇ ಹಿಡಿದು ನಡೆದ.

ವರ್ಣಾವತಿಯ ಜನ ಅಂದಿನಿಂದ ಬಿಸಿಲಿಗೆ ದುಡಿದು, ನೆರಳಿಗೆ ಉಂಡು, ಸುಖವಾಗಿ ಬಾಳಿದರು. ಕೇಳಿದವರೂ ಹಾಗೇ ಬಾಳಲಿ.